‘ಅವರು ಈ ಊರಿನವರೇ?’

ಯುಗಾದಿ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಫೋನು ಮಾಡಿದಾಗಲೇ ಒಂದು ಷರತ್ತನ್ನೂ ಹಾಕಿದರು: ಪ್ರವಾಸ ಕಥನ ಬೇಡ, ಅಡುಗೆ ವಿಧಾನವೂ ಬೇಡ, ಎರಡೂ ಬೇಕಾದಷ್ಟು ಬಂದು ಬಿದ್ದಿವೆಯಂತೆ. ಹಾಗಾದರೆ ನಮ್ಮ ಹಳ್ಳಿಯ ಬಡವರ ವಿಷಯ ಬರೆಯುತ್ತೇವೆ ಎಂದೆವು. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಾಟಿಂಗ್‌ಹ್ಯಾಮ್‌ಶೈರಿನ ಹಳ್ಳಿಯಲ್ಲಿ ಬಡವರೇ? ಮನೆಗಳ ಬೆಲೆ ನೋಡಿದ್ದೀರಾ?’ ಎಂದು ನಕ್ಕರು. ನೋಡಿದ್ದೇವೆ, ಸ್ವಾಮಿ. ಆದರೂ ಬರೆಯುತ್ತಿದ್ದೇವೆ.

ಇಬ್ಬರೂ ಸೇರಿ ಬರೆಯುತ್ತಿರುವುದರಿಂದ ಇಲ್ಲಿ ಬರುವ ‘ನಾವು’ ದೊಡ್ಡಸ್ತಿಕೆಯ ಬಹುವಚನವಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮಲ್ಲಿ ಒಬ್ಬರಿಗೆ ಜಿಲ್ಲೆಯ ದಾಖಲೆ ಕಚೇರಿಗೆ ಹೋಗಿ ಹಳೆಯ ಲೆಕ್ಕಪುಸ್ತಕಗಳನ್ನು ಓದುವ ಹುಚ್ಚು ಹತ್ತಿತು. ಇನ್ನೊಬ್ಬರನ್ನು ಪ್ಯಾರಿಷ್ ಕೌನ್ಸಿಲಿನವರು ಹಳ್ಳಿಯ ಹಳೆಯ ದತ್ತಿಯೊಂದಕ್ಕೆ ಟ್ರಸ್ಟಿಯನ್ನಾಗಿ ಮಾಡಿದರು. ಯಾರು ಯಾವುದು ಎಂಬುದು ನಮ್ಮ ಮನೆಗೆ ಕಾಫಿಗೆ ಬಂದವರಿಗೆಲ್ಲ ಗೊತ್ತು.

ಆ ದತ್ತಿಯ ಕಥೆ ಚರ್ಚಿನ ಒಳಗೋಡೆಯ ಮೇಲೆ ಕಪ್ಪು ಮರದ ಹಲಗೆಯಲ್ಲಿ ಚಿನ್ನದ ಬಣ್ಣದ ಅಕ್ಷರಗಳಲ್ಲಿದೆ. ಇಂಥ ಹಲಗೆ ಇಂಗ್ಲೆಂಡಿನ ಸಾವಿರಾರು ಹಳ್ಳಿ ಚರ್ಚುಗಳಲ್ಲಿ ಕಾಣಸಿಗುತ್ತದೆ. ಮುನ್ನೂರು ವರ್ಷಕ್ಕೂ ಹಿಂದೆ ಮಕ್ಕಳಿಲ್ಲದ ಒಬ್ಬ ರೈತ ಸಾಯುವ ಮುಂಚೆ ಒಂದು ಹೊಲವನ್ನು ಬರೆದಿಟ್ಟ. ಅದರ ಗೇಣಿಯಲ್ಲಿ ಪ್ರತಿವರ್ಷ ಡಿಸೆಂಬರ್ 21ರಂದು, ಸಂತ ಥಾಮಸನ ದಿನ, ‘ಈ ಪ್ಯಾರಿಷ್ಷಿನ ಬಡವರಿಗೆ’ ರೊಟ್ಟಿ ಹಂಚಬೇಕು. ಹೊಲ ಮಾರಿ ಎಷ್ಟೋ ಕಾಲವಾಯಿತು. ಹಣ ಬ್ಯಾಂಕಿನಲ್ಲಿದೆ, ಬಡ್ಡಿ ಬರುತ್ತದೆ. ರೊಟ್ಟಿಯ ಬದಲು ಈಗ ಚಳಿಗಾಲದಲ್ಲಿ ಕೆಲವು ಮುದುಕ ಮುದುಕಿಯರಿಗೆ ಮನೆ ಬೆಚ್ಚಗಿಡಲು ಒಂದಿಷ್ಟು ನೆರವು. ದೇವಸ್ಥಾನದ ಇನಾಂ ಜಮೀನು, ಅನ್ನಸಂತರ್ಪಣೆಗೆ ಬಿಟ್ಟ ಗದ್ದೆಗಳ ನಡುವೆ ಬೆಳೆದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ವಿಚಿತ್ರವಾಗಿದ್ದದ್ದು ‘ಈ ಪ್ಯಾರಿಷ್ಷಿನ’ ಎಂಬ ಮಾತು. ಅದರ ಬೆನ್ನು ಹತ್ತಿ ಹೋದದ್ದೇ ಈ ಲೇಖನ.

ಪ್ಯಾರಿಷ್ ಎಂದರೆ ಮೂಲದಲ್ಲಿ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಜನ, ಅವರು ವಾಸಿಸುವ ನೆಲ. ಬಡವರಿಗೆ ಭಿಕ್ಷೆ, ಅನ್ನ ಕೊಡುತ್ತಿದ್ದ ಮಠಗಳನ್ನು ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಮುಚ್ಚಿಸಿಬಿಟ್ಟ. 1590ರ ದಶಕದಲ್ಲಿ ಸಾಲುಸಾಲಾಗಿ ಬೆಳೆ ಕೆಟ್ಟಿತು. ಬೀದಿಗೆ ಬಿದ್ದವರನ್ನು ಯಾರು ನೋಡಿಕೊಳ್ಳಬೇಕು? ಎಲಿಜಬೆತ್ ರಾಣಿಯ ಕಾಲದ 1601ರ ಕಾನೂನು ಇದಕ್ಕೆ ಕೊಟ್ಟ ಉತ್ತರ ಒಂದೇ: ಆಯಾ ಪ್ಯಾರಿಷ್. ಪ್ರತಿವರ್ಷ ಈಸ್ಟರ್ ಹಬ್ಬದ ಹೊತ್ತಿಗೆ ಊರಿನ ಅನುಕೂಲಸ್ಥ ಗೃಹಸ್ಥರಲ್ಲಿ ಇಬ್ಬರು, ಮೂವರು ಅಥವಾ ನಾಲ್ವರನ್ನು ‘ಬಡವರ ಓವರ್‌ಸಿಯರ್’ ಎಂದು ನ್ಯಾಯಾಧಿಕಾರಿಗಳು ನೇಮಿಸಬೇಕು. ಇವರೂ ಚರ್ಚ್‌ವಾರ್ಡನ್ನರೂ ಸೇರಿ ಊರಿನ ಮನೆ, ಜಮೀನುಗಳ ಮೇಲೆ ಕರ ಎತ್ತಬೇಕು. ಕೊಡದಿದ್ದರೆ ಮನೆಯ ಸಾಮಾನು ಜಪ್ತಿ. ಆ ಹಣದಲ್ಲಿ ಕುಂಟರು, ಕುರುಡರು, ಮುದುಕರಿಗೆ ಅನ್ನ. ಕೈಲಾದವರಿಗೆ ಸೆಣಬು, ಉಣ್ಣೆ ಕೊಟ್ಟು ಕೆಲಸ. ಬಡ ಮಕ್ಕಳನ್ನು ಯಾವುದಾದರೂ ಕಸುಬಿಗೆ ಹಚ್ಚುವುದು. ತಂದೆ ತಾಯಿ ಮಕ್ಕಳನ್ನೂ ಮಕ್ಕಳು ತಂದೆ ತಾಯಿಯನ್ನೂ ಶಕ್ತಿಯಿದ್ದರೆ ಸಾಕಲೇಬೇಕು ಎಂಬ ಮಾತೂ ಅದೇ ಕಾನೂನಿನಲ್ಲಿದೆ. ‘ಈ ಬಿಳಿಯರಿಗೆ ಅಪ್ಪ ಅಮ್ಮ ಬೇಡ’ ಎನ್ನುವ ನಮ್ಮ ಸಮಾರಂಭಗಳ ಮಾಮೂಲು ಮಾತಿಗೆ ಇದನ್ನು ನೆನಪಿಸಿಕೊಳ್ಳಬಹುದು.

ನಮ್ಮ ಕಡೆಯ ಹಳ್ಳಿಗಳಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಎಂದು ಹನ್ನೆರಡು ಆಯಗಾರರಿದ್ದರು. ವಂಶಪಾರಂಪರ್ಯದ ಕೆಲಸ, ಕಣದಲ್ಲಿ ಅವರವರ ಪಾಲಿನ ಆಯ. ಇಂಗ್ಲೆಂಡಿನ ಪ್ಯಾರಿಷ್ಷಿನಲ್ಲಿ ಹಾಗಲ್ಲ. ಕಾನ್‌ಸ್ಟೇಬಲ್, ರಸ್ತೆಯ ಮೇಲ್ವಿಚಾರಕ, ಓವರ್‌ಸಿಯರ್ ಎಲ್ಲವೂ ಊರಿನ ರೈತ, ಕಮ್ಮಾರ, ಗಿರಣಿಯವನ ತಲೆಗೆ ಸರದಿಯಂತೆ ಒಂದೊಂದು ವರ್ಷ ಬರುತ್ತಿದ್ದ ಹೊರೆ. ಸಂಬಳವಿಲ್ಲ, ಒಲ್ಲೆ ಎನ್ನುವಂತಿಲ್ಲ. ಎಲ್ಲರೂ ಸೇರಿ ಜಗಳವಾಡುತ್ತಿದ್ದ ಸಭೆಗೆ ವೆಸ್ಟ್ರಿ ಎಂದು ಹೆಸರು. ಚರ್ಚಿನ ಪಕ್ಕದ ಕೋಣೆಯಲ್ಲಿ ಆರಂಭವಾಗಿ ಅನೇಕ ಸಲ ಎದುರಿನ ಪಬ್ಬಿನಲ್ಲಿ ಮುಗಿಯುತ್ತಿತ್ತು. ಕಾಗದಪತ್ರಗಳು ಚರ್ಚಿನ ಮರದ ಪೆಟ್ಟಿಗೆಯಲ್ಲಿ. 1603ರ ಚರ್ಚು ನಿಯಮದಂತೆ ಆ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿಕೈ, ಒಬ್ಬೊಬ್ಬರ ಬಳಿ ಒಂದೊಂದು. ನಮ್ಮ ಸಂಘದ ಖಜಾಂಚಿಯವರ ಗಮನಕ್ಕೆ.

ಆ ಪೆಟ್ಟಿಗೆಯಲ್ಲಿದ್ದ ಪುಸ್ತಕಗಳೇ ಈಗ ದಾಖಲೆ ಕಚೇರಿಯಲ್ಲಿವೆ. ಮೊದಮೊದಲು ಆ ಬರವಣಿಗೆ ಓದಲಿಕ್ಕೆ ಆಗುತ್ತಿರಲಿಲ್ಲ. ಕಣ್ಣು ಪಳಗಿದ ಮೇಲೆ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಒಬ್ಬ ವಿಧವೆಗೆ ವಾರದ ಹಣ. ಒಬ್ಬ ಹುಡುಗನಿಗೆ ಒಂದು ಜೊತೆ ಶೂ. ಚಳಿಗಾಲಕ್ಕೆ ಕಲ್ಲಿದ್ದಲು. ಹೆರಿಗೆಗೆ ಸೂಲಗಿತ್ತಿಯ ಕೂಲಿ. ಹೆಣಕ್ಕೆ ಹೊದಿಸುವ ಬಟ್ಟೆ, ಗುಂಡಿ ತೋಡಿದವನಿಗೆ ಕೂಲಿ, ಹೊತ್ತವರಿಗೆ ಬಿಯರ್. ಕೊಟ್ಟವನೂ ಇಸಿದುಕೊಂಡವಳೂ ಒಂದೇ ಬೀದಿಯವರು, ಭಾನುವಾರ ಒಂದೇ ಚರ್ಚಿನಲ್ಲಿ ಕೂತವರು. ಹಾಗೆಂದು ಇದನ್ನು ರಾಮರಾಜ್ಯ ಎಂದುಕೊಳ್ಳಬೇಡಿ. 1697ರ ಒಂದು ಕಾನೂನಿನ ಪ್ರಕಾರ ನೆರವು ಪಡೆಯುವವರು, ಹೆಂಡತಿ ಮಕ್ಕಳೂ ಸೇರಿ, ಬಲ ಹೆಗಲ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ ಪಾಪರ್ ಎಂಬುದರ ಮೊದಲ ಅಕ್ಷರವನ್ನೂ ಪ್ಯಾರಿಷ್ಷಿನ ಹೆಸರಿನ ಮೊದಲ ಅಕ್ಷರವನ್ನೂ ಹೊಲಿದುಕೊಳ್ಳಬೇಕಿತ್ತು. ಎಲ್ಲ ಊರುಗಳೂ ಅದನ್ನು ಕಟ್ಟುನಿಟ್ಟಾಗಿ ಮಾಡಿಸಲಿಲ್ಲ. ಆದರೆ ಕಾನೂನು ರದ್ದಾದದ್ದು 1810ರಲ್ಲಿ.

ಈಗ ಮುಖ್ಯ ವಿಷಯ. ಪ್ರತಿ ಊರೂ ತನ್ನ ಬಡವರನ್ನು ತಾನೇ ಸಾಕಬೇಕು ಎಂದ ಮೇಲೆ, ತನ್ನವರು ಯಾರು ಎಂದು ಗೆರೆ ಎಳೆಯುವುದು ತಪ್ಪುವುದಿಲ್ಲ. ಆ ಗೆರೆ ಎಳೆದದ್ದು 1662ರ ಕಾನೂನು. ಪ್ರತಿಯೊಬ್ಬರಿಗೂ ಒಂದು ಪ್ಯಾರಿಷ್ಷಿನಲ್ಲಿ ‘ಸೆಟ್ಲ್‌ಮೆಂಟ್’, ಅಂದರೆ ನೆಲೆಯ ಹಕ್ಕು. ಹೊಸಬರು ಯಾರಾದರೂ ಊರಿಗೆ ಬಂದು ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿದ್ದರೆ, ಮುಂದೆ ಇವರು ನಮ್ಮ ಕರದ ಮೇಲೆ ಬೀಳಬಹುದು ಎಂಬ ಅನುಮಾನದ ಮೇಲೆಯೇ 40 ದಿನದೊಳಗೆ ದೂರು ಕೊಟ್ಟು ಅವರನ್ನು ಬಂದ ಊರಿಗೆ ಸಾಗಿಸಬಹುದು. ಏನೂ ಬೇಡಬೇಕಾಗಿರಲಿಲ್ಲ, ಬೇಡಬಹುದು ಎಂದು ಕಂಡರೆ ಸಾಕಿತ್ತು. ನಿಜವಾಗಿ ನೆರವು ಕೇಳುವ ತನಕ ಯಾರನ್ನೂ ಓಡಿಸಬಾರದು ಎಂದಾದದ್ದು 1795ರಲ್ಲಿ.

ನೆಲೆ ಸಿಗುವ ದಾರಿಗಳಿದ್ದವು. ಕಸುಬು ಕಲಿಯಲು ಒಪ್ಪಂದದ ಮೇಲೆ ಇದ್ದರೆ, ಆಸ್ತಿಯಿದ್ದರೆ, ಮದುವೆಯಾಗದವರು ಒಂದು ಪೂರ್ತಿ ವರ್ಷ ಒಬ್ಬ ಯಜಮಾನನಲ್ಲಿ ಆಳಾಗಿದ್ದರೆ. ಹೆಂಡತಿಗೆ ಗಂಡನ ಊರೇ ಊರು. ಆದರೆ ಕಾನೂನು ರಂಗೋಲಿ ಕೆಳಗೆ ನುಸುಳಿದರೆ ಊರಿನವರು ನೆಲದ ಕೆಳಗೆ ನುಸುಳಿದರು. ಎಷ್ಟೋ ರೈತರು ಆಳನ್ನು ವರ್ಷಕ್ಕೆ ನಾಲ್ಕೈದು ದಿನ ಕಡಿಮೆ ಮಾಡಿ ಗೊತ್ತು ಮಾಡಿಕೊಳ್ಳುತ್ತಿದ್ದರು, ನೆಲೆ ಸಿಗದಿರಲಿ ಎಂದು. ಮದುವೆಯಿಲ್ಲದೆ ಬಸುರಾದ ಹೆಣ್ಣುಮಗಳ ಸ್ಥಿತಿಯಂತೂ ಹೇಳತೀರದು. ಅಂಥ ಮಗು ಹುಟ್ಟಿದ ಊರಿಗೇ ಸೇರುತ್ತದೆ ಎಂಬ ನಿಯಮವಿದ್ದುದರಿಂದ, ದಿನ ತುಂಬಿದವಳನ್ನು ಗಾಡಿಯಲ್ಲಿ ಕೂರಿಸಿ ಗಡಿ ದಾಟಿಸಿಬಿಡುತ್ತಿದ್ದರು. ಗಾಡಿಯ ಬಾಡಿಗೆ ಮಾತ್ರ ಲೆಕ್ಕಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದಿರುತ್ತದೆ. ಶೂ ಕೊಡಿಸಿದ ಅದೇ ಕೈಬರಹ.

ಸೆಟ್ಲ್‌ಮೆಂಟ್ ಎಂಬ ಆ ಪದವನ್ನು ಮೊದಲ ಸಲ ಲೆಕ್ಕಪುಸ್ತಕದ ಸಂದರ್ಭದಲ್ಲಿ ಓದಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಈ ಪತ್ರಿಕೆಯ ಓದುಗರಲ್ಲಿ ಅದರ ಅರ್ಥ ಗೊತ್ತಿಲ್ಲದವರು ಯಾರಿದ್ದಾರೆ? ನಾವು 1998ರಲ್ಲಿ ವರ್ಕ್ ಪರ್ಮಿಟ್ಟಿನ ಮೇಲೆ ಬಂದವರು. ಸಾರ್ವಜನಿಕ ನಿಧಿಗೆ ಕೈಚಾಚುವಂತಿಲ್ಲ ಎಂದು ಪಾಸ್‌ಪೋರ್ಟಿನಲ್ಲಿ ಮುದ್ರೆ. ನಾಲ್ಕು ವರ್ಷ ತೆರಿಗೆ ಕಟ್ಟಿಕೊಂಡು ಕಾದ ಮೇಲೆ ಸೆಟ್ಲ್‌ಮೆಂಟ್. 2006ರಲ್ಲಿ ಆ ನಾಲ್ಕು ಐದಾಯಿತು. ಕೆಲಸ ಹೋದರೆ ಏನು ಗತಿ ಎಂದು ಆ ನಾಲ್ಕು ವರ್ಷವೂ ನಮ್ಮ ಮನೆಯಲ್ಲಿ ರಾತ್ರಿ ಲೆಕ್ಕ ಹಾಕದ ತಿಂಗಳಿಲ್ಲ. ಊರಿನ ಫೋನಿಗೆ ಮಾತ್ರ ‘ಎಲ್ಲ ಚೆನ್ನಾಗಿದೆ, ಅತ್ತೆ’. ದಾಖಲೆಗಳಲ್ಲಿ ಇನ್ನೂ ಒಂದು ವಿಷಯ ಸಿಕ್ಕಿತು. ಐದು ವರ್ಷ ಒಂದೇ ಊರಿನಲ್ಲಿ ವಾಸವಾಗಿದ್ದವರನ್ನು ಕಷ್ಟಕ್ಕೆ ಬಿದ್ದರೂ ಓಡಿಸಬಾರದು ಎಂದು 1846ರಲ್ಲಿ ಒಂದು ಕಾನೂನು ಬಂತು. 1861ರಲ್ಲಿ ಅದು ಮೂರು ವರ್ಷಕ್ಕೂ 1865ರಲ್ಲಿ ಒಂದು ವರ್ಷಕ್ಕೂ ಇಳಿಯಿತು. ಆಗ ಇಳಿಯುತ್ತಿತ್ತು, ನಮ್ಮ ಕಾಲಕ್ಕೆ ಏರಿತು. ರಾಜಕೀಯ ಬೇಡ ಎಂದು ಸಂಪಾದಕರ ಆಜ್ಞೆ, ಇಷ್ಟಕ್ಕೇ ನಿಲ್ಲಿಸುತ್ತೇವೆ.

ನಮ್ಮ ಜಿಲ್ಲೆಗೆ ಈ ಚರಿತ್ರೆಯಲ್ಲಿ ಒಂದು ದೊಡ್ಡ ಪಾತ್ರವಿದೆ, ಹೆಮ್ಮೆಪಡುವಂಥದ್ದೋ ಅಲ್ಲವೋ ನೀವೇ ಹೇಳಿ. 1795ರಲ್ಲಿ ಗೋಧಿಯ ಬೆಲೆ ಏರಿದಾಗ ಬರ್ಕ್‌ಶೈರಿನ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿನ ಪೆಲಿಕನ್ ಛತ್ರದಲ್ಲಿ ಸೇರಿ, ರೊಟ್ಟಿಯ ಬೆಲೆಗೂ ಮನೆಯ ತಲೆಗಳಿಗೂ ತಕ್ಕಂತೆ ಕೂಲಿಯವನ ಸಂಪಾದನೆಗೆ ಪ್ಯಾರಿಷ್ ಹಣ ಸೇರಿಸಬೇಕೆಂದು ಒಂದು ಪಟ್ಟಿ ಮಾಡಿದರು. ದಕ್ಷಿಣದ ಅನೇಕ ಕಡೆ ಇದೇ ಬಗೆ ನಡೆಯಿತು. ಕರ ಏರಿತು, ರೈತರು ಕೂಲಿ ಇಳಿಸಿ ಉಳಿದದ್ದನ್ನು ಪ್ಯಾರಿಷ್ಷಿಗೆ ಬಿಟ್ಟರು ಎಂಬ ದೂರೂ ಬಂತು. ಆಗ ನಮ್ಮ ನಾಟಿಂಗ್‌ಹ್ಯಾಮ್‌ಶೈರಿನ ಮೂವರು ಬೇರೆ ದಾರಿ ಹಿಡಿದರು. ಬಿಂಗ್‌ಹ್ಯಾಮಿನ ಪಾದ್ರಿ ರಾಬರ್ಟ್ ಲೋ, ಸೌತ್‌ವೆಲ್ಲಿನ ಪಾದ್ರಿ ಜಾನ್ ಬೀಚರ್, 1821ರಲ್ಲಿ ಅದೇ ಸೌತ್‌ವೆಲ್ಲಿನ ಓವರ್‌ಸಿಯರ್ ಆದ ಜಾರ್ಜ್ ನಿಕೋಲ್ಸ್. ಈ ನಿಕೋಲ್ಸ್ ಮೊದಲು ಈಸ್ಟ್ ಇಂಡಿಯಾ ಕಂಪನಿಯ ಹಡಗಿನ ಕ್ಯಾಪ್ಟನ್ ಆಗಿದ್ದವನು. ಇವರ ಉಪಾಯ ಸರಳ: ಮನೆಗೆ ಹಣ ಕೊಡಬೇಡಿ. ಬೇಕಾದವರು ವರ್ಕ್‌ಹೌಸಿಗೆ ಬರಲಿ. ಅಲ್ಲಿಯ ಬಾಳು ಹೊರಗಿನ ಕಡುಬಡ ಕೂಲಿಯವನ ಬಾಳಿಗಿಂತ ಒಂದು ತೂಕ ಕೀಳಾಗಿರಲಿ. ಆಗ ನಿಜವಾಗಿ ಗತಿಯಿಲ್ಲದವರು ಮಾತ್ರ ಬರುತ್ತಾರೆ.

1824ರಲ್ಲಿ ಬೀಚರ್ 49 ಪ್ಯಾರಿಷ್ಷುಗಳನ್ನು ಸೇರಿಸಿ ಸೌತ್‌ವೆಲ್ಲಿನ ಹೊರಗೆ 158 ಜನರಿಗಾಗಿ ಕಟ್ಟಿಸಿದ ವರ್ಕ್‌ಹೌಸ್ ಇಂದಿಗೂ ನಿಂತಿದೆ. 1997ರಲ್ಲಿ ನ್ಯಾಷನಲ್ ಟ್ರಸ್ಟ್ ಅದನ್ನು ಕೊಂಡು 2002ರಲ್ಲಿ ಜನರಿಗೆ ತೆರೆಯಿತು. ನಾವು ಮೂರು ಸಲ ಹೋಗಿದ್ದೇವೆ. ದೂರದಿಂದ ನೋಡಿದರೆ ಯಾರೋ ಜಮೀನ್ದಾರನ ಬಂಗಲೆ ಇರಬೇಕು ಎನ್ನಬೇಕು, ಅಷ್ಟು ಚೆಂದ. ಒಳಗೆ ಹೋದರೆ ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ, ಮಕ್ಕಳಿಗೊಂದು ಕಡೆ. ಮೈಯಲ್ಲಿ ಕಸುವಿದ್ದವರು ಬೇರೆ, ಮುದುಕರು ರೋಗಿಗಳು ಬೇರೆ. ಮೆಟ್ಟಿಲುಗಳೂ ಅಂಗಳಗಳೂ ಬೇರೆ ಬೇರೆ. ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ಕಾಣದಂತೆ ಗೋಡೆ ಎಬ್ಬಿಸಿದ್ದಾರೆ. ಹೊಡೆತವಿಲ್ಲ, ಸರಪಳಿಯಿಲ್ಲ, ಹೊಟ್ಟೆಗೆ ಗಂಜಿ, ರೊಟ್ಟಿ ಇದೆ, ಬಾಗಿಲೂ ತೆರೆದೇ ಇದೆ. ಬೇಡವೆಂದವರು ಹೊರಗೆ ಹೋಗಬಹುದು, ಉಪವಾಸಕ್ಕೆ. ಮೊದಲ ಸಲ ಹೋದಾಗ ಮಕ್ಕಳ ಅಂಗಳದಲ್ಲಿ ನಮಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಕರ ಇಳಿಯಿತು, ಸರಕಾರ ಮೆಚ್ಚಿತು. 1834ರ ಹೊಸ ಬಡವರ ಕಾನೂನಿಗೆ ಬಿಂಗ್‌ಹ್ಯಾಮ್, ಸೌತ್‌ವೆಲ್ ಎರಡೂ ಮಾದರಿಯಾದವು. ನಿಕೋಲ್ಸ್ ಅದನ್ನು ಜಾರಿಗೆ ತರುವ ಮೂವರು ಕಮಿಷನರುಗಳಲ್ಲಿ ಒಬ್ಬನಾದ. ಇಂಗ್ಲೆಂಡ್, ವೇಲ್ಸಿನ ಸುಮಾರು 15,000 ಪ್ಯಾರಿಷ್ಷುಗಳನ್ನು 600ರಷ್ಟು ಒಕ್ಕೂಟಗಳಾಗಿ ಕಟ್ಟಿ ಒಂದೊಂದಕ್ಕೂ ಒಂದು ವರ್ಕ್‌ಹೌಸ್. ಬೀದಿಯವರೇ ಕೊಟ್ಟು ಬೀದಿಯವರೇ ಇಸಿದುಕೊಳ್ಳುತ್ತಿದ್ದ ಕಾಲ ಮುಗಿಯಿತು. 1845ರಲ್ಲಿ ಹ್ಯಾಂಪ್‌ಶೈರಿನ ಆಂಡೋವರ್ ವರ್ಕ್‌ಹೌಸಿನಲ್ಲಿ, ಗೊಬ್ಬರಕ್ಕೆಂದು ಮೂಳೆ ಕುಟ್ಟಲು ಹಚ್ಚಿದ್ದ ಗಂಡಸರು ಹಸಿವು ತಾಳದೆ ಆ ಮೂಳೆಗಳನ್ನೇ ಚೀಪುತ್ತಿದ್ದರೆಂದು ಹೊರಬಿದ್ದು ದೇಶವೇ ನಾಚಿತು. 1847ರಲ್ಲಿ ಕಮಿಷನ್ ಹೋಗಿ ಬೇರೆ ಬೋರ್ಡು ಬಂತು.

ಈ ವಿಚಾರ ಹಡಗು ಹತ್ತಿ ನಮ್ಮ ನಾಡಿಗೂ ಬಂದದ್ದನ್ನು ಹೇಳದೆ ಮುಂದೆ ಹೋಗುವಂತಿಲ್ಲ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬರಪರಿಹಾರದ ಖರ್ಚು ಕಡಿಮೆ ಮಾಡಲು ಬಂದ ಸರ್ ರಿಚರ್ಡ್ ಟೆಂಪಲ್, ಕಲ್ಲು ಒಡೆಯುವವನಿಗೂ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚೂರು ಕಾಸು ಸಾಕೆಂದು ಗೊತ್ತುಮಾಡಿದ. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದು ಕೊಲ್ಲುವ ಪಡಿ ಎಂದು ಪ್ರತಿಭಟಿಸಿದ ಮೇಲೆ, 1877ರ ನಡುವಿನಲ್ಲಿ ಅದನ್ನು ಏರಿಸಿದರು. ಮೈಸೂರು ಸಂಸ್ಥಾನ ಆ ಬರದಲ್ಲಿ ಸುಮಾರು 10 ಲಕ್ಷ ಜನರನ್ನು, ಐವರಲ್ಲಿ ಒಬ್ಬರನ್ನು, ಕಳೆದುಕೊಂಡಿತು. 1880ರ ಬರ ಆಯೋಗ ಪರಿಹಾರ ಸರಕಾರದ ಕರ್ತವ್ಯವೆಂದು ಒಪ್ಪಿತಾದರೂ, ಬರಗಾಲದಲ್ಲಿ ಬಡವನಿಗೆ ನೆರವು ಕೇಳುವ ಹಕ್ಕಿದೆ ಎಂದರೆ ನಾಳೆ ಎಲ್ಲ ಕಾಲದಲ್ಲೂ ಹಕ್ಕಿದೆ ಎನ್ನುತ್ತಾರೆ ಎಂಬ ಭಯವನ್ನೂ ಬರೆದಿಟ್ಟಿತು. ಇಂಗ್ಲೆಂಡಿನ ಹಳ್ಳಿಯ ವಿಧವೆಗೆ 1601ರಿಂದಲೂ ಇದ್ದ ಕಾನೂನಿನ ಆಸರೆ ನಮ್ಮ ಹಳ್ಳಿಯ ವಿಧವೆಗೆ ಇರಲಿಲ್ಲ. ವರ್ಕ್‌ಹೌಸಿನ ಅನುಮಾನ ಮಾತ್ರ ಬಂತು.

ಮುಂದಿನದು ಬೇಗ ಹೇಳಿ ಮುಗಿಸುತ್ತೇವೆ. 1894ರಲ್ಲಿ ಚರ್ಚಿನ ಕೈಯಿಂದ ಊರಿನ ಆಡಳಿತ ತಪ್ಪಿ ಚುನಾಯಿತ ಪ್ಯಾರಿಷ್ ಕೌನ್ಸಿಲುಗಳು ಬಂದವು. ಹೆಂಗಸರೂ ಮತ ಹಾಕಬಹುದು, ನಿಲ್ಲಬಹುದು. ಪಾರ್ಲಿಮೆಂಟಿನ ಮತ ಅವರಿಗೆ ಸಿಗಲು ಇನ್ನೂ ಕಾಲು ಶತಮಾನ ಹತ್ತಿರ ಇತ್ತು. 1909ರ ಜನವರಿ ಒಂದರಿಂದ 70 ದಾಟಿದ ಬಡ ವೃದ್ಧರಿಗೆ ವಾರಕ್ಕೆ 5 ಶಿಲಿಂಗ್ ಪಿಂಚಣಿ, ಅದೂ ಓವರ್‌ಸಿಯರನ ಮುಂದೆ ಕೈಕಟ್ಟಿ ನಿಲ್ಲದೆ ಪೋಸ್ಟಾಫೀಸಿನಲ್ಲಿ. ಓವರ್‌ಸಿಯರುಗಳ ಹುದ್ದೆ 1927ರಲ್ಲಿ ಹೋಯಿತು. 1948ರ ಜುಲೈ 5ರಂದು ಬಡವರ ಕಾನೂನೇ ಹೋಯಿತು. ಪ್ಯಾರಿಷ್ ಕೌನ್ಸಿಲಿಗೆ ಈಗ ಉಳಿದಿರುವುದು ಬೆಂಚು, ಬಸ್ ತಂಗುದಾಣ, ಕಾಲುದಾರಿ, ಸ್ಮಶಾನ, ನಾಯಿಯ ಕಕ್ಕದ ಬಗ್ಗೆ ಮುಗಿಯದ ಚರ್ಚೆ. ಮತ್ತೆ, 1894ರ ಅದೇ ಕಾನೂನಿನಿಂದ ಬಂದಂತೆ, ಹಳೆಯ ದತ್ತಿಗಳಿಗೆ ಟ್ರಸ್ಟಿಗಳನ್ನು ಕಳಿಸುವುದು.

ಹಾಗೆ ನಮ್ಮಲ್ಲಿ ಒಬ್ಬರು ಹೋದದ್ದು. ಕಳೆದ ಚಳಿಗಾಲಕ್ಕೆ ಮೊದಲು ದತ್ತಿಗೆ ಒಂದು ಅರ್ಜಿ ಬಂತು. ಗುರುತು ಸಿಗುವ ವಿವರಗಳನ್ನು ಬಿಟ್ಟು ಹೇಳುತ್ತೇವೆ. ವೃದ್ಧರನ್ನು ನೋಡಿಕೊಳ್ಳುವ ಕೆಲಸದ ವೀಸಾದ ಮೇಲೆ ಬಂದ ತಾಯಿ, ತಂದೆ, ಎರಡು ಮಕ್ಕಳು. ನಮ್ಮ ದೇಶದವರಲ್ಲ. ಕೊಟ್ಟ ಮಾತಿನಷ್ಟು ಕೆಲಸದ ಗಂಟೆಗಳು ಸಿಗದೆ ಕೈ ಖಾಲಿ. ಪಾಸ್‌ಪೋರ್ಟಿನ ಮುದ್ರೆ ಈಗ ಕಂಪ್ಯೂಟರಿಗೆ ಹೋಗಿದೆ, ಮಾತು ಅದೇ: ಸಾರ್ವಜನಿಕ ನಿಧಿಗೆ ಕೈಚಾಚುವಂತಿಲ್ಲ. ಅರ್ಜಿ ಬರೆದದ್ದೂ ಅವರಲ್ಲ, ಶಾಲೆಯ ಒಬ್ಬ ಟೀಚರು.

ವಿಲೇಜ್ ಹಾಲಿನಲ್ಲಿ ಐವರು ಟ್ರಸ್ಟಿಗಳು, ಒಂದು ಹೀಟರು. ವಯಸ್ಸಾದ ರೈತರೊಬ್ಬರು ಕನ್ನಡಕ ಏರಿಸಿ ಕೇಳಿದ ಮೊದಲ ಪ್ರಶ್ನೆ: ‘ಅವರು ಈ ಊರಿನವರೇ?’ ದ್ವೇಷದ ಮಾತಲ್ಲ ಅದು. ಹಿಮ ಬಿದ್ದಾಗ ಟ್ರ್ಯಾಕ್ಟರ್ ತಂದು ನಮ್ಮ ಮನೆಯ ಮುಂದೆ ದಾರಿ ಬಿಡಿಸಿದವರು ಅವರೇ. ದತ್ತಿಯ ಪತ್ರದಲ್ಲಿ ಹಾಗಿದೆ, ಅದಕ್ಕೆ ಕೇಳಿದರು. ಬಂದು ಏಳು ತಿಂಗಳು, ಹಾಗಾದರೆ ಹೇಗೆ ಎಂದರು. ನಮ್ಮವರು ಕಾಗದಗಳನ್ನು ತೆಗೆದರು. ದತ್ತಿಯ ಪತ್ರದಲ್ಲಿ ಬಡವರು ಎಂದಿದೆ, ಎಷ್ಟು ವರ್ಷದಿಂದ ಎಂದಿಲ್ಲ. ನೆಲೆಯ ಹಕ್ಕಿನ ಕಾನೂನು 1948ಕ್ಕೇ ಸತ್ತಿದೆ. ದತ್ತಿಯ ಹಣ ‘ಸಾರ್ವಜನಿಕ ನಿಧಿ’ ಅಲ್ಲ, ಆ ಪಟ್ಟಿಯಲ್ಲಿ ಇರುವುದು ಸರಕಾರದ ಭತ್ಯೆ, ಮನೆಗಳು ಮಾತ್ರ. ಹಾಗಾಗಿ ಕೊಟ್ಟರೆ ಅವರ ವೀಸಾಕ್ಕೆ ತೊಂದರೆಯಿಲ್ಲ. ಇನ್ನೊಬ್ಬರು, ಇವರಿಗೆ ಕೊಟ್ಟರೆ ಮುಂದಿನ ವರ್ಷ ಎಷ್ಟು ಜನ ಬರುತ್ತಾರೋ ಎಂದರು. 1662ರಲ್ಲೂ ಅದೇ ಮಾತು ಇದ್ದಿರಬೇಕು. ಇದು ಕೇಳಿ ನಮ್ಮವರಿಗೆ ಸಿಟ್ಟು ಬಂದು, ‘ನಾವೂ 1998ರಲ್ಲಿ ಈ ಊರಿನವರಾಗಿರಲಿಲ್ಲ’ ಎಂದುಬಿಟ್ಟರಂತೆ. ಅದಕ್ಕೆ ಆ ರೈತರು, ‘ನೀವು ಎಂದೂ ಕೇಳಲಿಲ್ಲವಲ್ಲ’ ಎಂದರು. ಮೆಚ್ಚುಗೆಯಾಗಿಯೇ ಹೇಳಿದ್ದು. ಮನೆಗೆ ಬಂದ ಮೇಲೂ ಬಹಳ ಹೊತ್ತು ಆ ಮಾತು ನಮ್ಮಿಬ್ಬರ ನಡುವೆ ಕೂತಿತ್ತು. ಕೇಳಲಿಲ್ಲ, ನಿಜ. ಕೇಳುವ ಹಾಗೆ ಇರಲಿಲ್ಲ.

ಮೂರು ಕೈ ಮೇಲೆದ್ದವು, ಎರಡು ಏಳಲಿಲ್ಲ. ರೈತರದು ಏಳಲಿಲ್ಲ. ಮಾರನೆಯ ವಾರ ಅವರೇ, ತಮ್ಮ ಮತ ತಮ್ಮದು ಎನ್ನುತ್ತ, ಹಿತ್ತಿಲ ಶೆಡ್ಡಿನಿಂದ ಎರಡು ಸೈಕಲ್ಲುಗಳನ್ನು ತೆಗೆದು ಗಾಳಿ ತುಂಬಿಸಿ ಆ ಮಕ್ಕಳಿಗೆ ಕೊಟ್ಟು ಬಂದರು. ಆ ಮನೆಯವರು ವಸಂತದ ಹೊತ್ತಿಗೆ ಬೇರೆ ಕಡೆ ಕೆಲಸ ಸಿಕ್ಕಿ ಲೆಸ್ಟರಿಗೆ ಹೋದರು. ದತ್ತಿಯ ಪುಸ್ತಕದಲ್ಲಿ ಇರುವುದು ಒಂದೇ ಸಾಲು: ಹೀಟಿಂಗ್ ಆಯಿಲ್, ಮತ್ತು ಶಾಲೆಯ ಶೂ ಎರಡು ಜೊತೆ.

ಸಂಘದ ಬೇಸಿಗೆ ಪ್ರವಾಸಕ್ಕೆ ಈ ಸಲ ಸೌತ್‌ವೆಲ್ ಇಟ್ಟುಕೊಳ್ಳೋಣ ಎಂದು ಕಮಿಟಿಗೆ ಹೇಳಿದ್ದೇವೆ. ಬ್ರಾಮ್ಲಿ ಸೇಬು ಹುಟ್ಟಿದ್ದು ಅದೇ ಊರಿನ ಒಂದು ಹಿತ್ತಿಲಿನಲ್ಲಿ, 1809ರಲ್ಲಿ ಒಬ್ಬ ಹುಡುಗಿ ನೆಟ್ಟ ಬೀಜದಿಂದ. ಮಾವಿನಕಾಯಿ ಸಿಗದಾಗ ಚಿತ್ರಾನ್ನಕ್ಕೆ ಅದನ್ನೇ ತುರಿದು ಹಾಕಿದ ತಲೆಮಾರು ನಮ್ಮದು. ಬುತ್ತಿ ಅವರವರೇ ತರುವುದು. ಬಸ್ಸಿಗೆ ಹೆಸರು ಕೊಡುವವರು ಕಾರ್ಯದರ್ಶಿಗಳಿಗೆ ಬೇಗ ತಿಳಿಸಿ, ಮಕ್ಕಳನ್ನೂ ಕರೆತನ್ನಿ.